ಓಲೆಯ ಕಟ್ಟೂ ಗುರುಕಾರುಣ್ಯವೂ
(ಶ್ರೀಮಠದ ವಜ್ರಮಹೋತ್ಸವದ ಶರಣಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದ ಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸನ್ನಿಧಿಯವರ ಅಪ್ಪಣೆಯಾಯಿತು. ನಾನು ಪಂಡಿತನಲ್ಲ; ಶಾಸ್ತ್ರವಿಚಾರವನ್ನು ಮಾತನಾಡುವ ಯೋಗ್ಯತೆ ನನಗಿಲ್ಲ. ಎಂಬತ್ತು ವರ್ಷಗಳ ಸಮೀಪಕ್ಕೆ ಬಂದಿರುವ ಒಬ್ಬ ರೈತನ ಮಗನು ತನ್ನ ಮನೆಯ ಒಂದು ವಸ್ತುವಿನ ಕಥೆಯನ್ನೂ, ಆ ವಸ್ತುವನ್ನು ಉಳಿಸಿಕೊಳ್ಳುವಂತೆ ಬೆನ್ನು ತಟ್ಟಿದ ಒಬ್ಬ ಗುರುವಿನ ಕಥೆಯನ್ನೂ ಹೇಳಿಕೊಳ್ಳುತ್ತಾನೆಂದು ತಿಳಿದು ತಾವು ಸಾವಧಾನದಿಂದ ಲಾಲಿಸಬೇಕಾಗಿ ಬೇಡುವೆನು. ಇದರಲ್ಲಿ ನನ್ನ ಹಿರಿಮೆ ಏನೂ ಇಲ್ಲ. ನನ್ನ ತಪ್ಪೊಂದು ಉಂಟು. ಅದನ್ನೂ ಮರೆಮಾಡದೆ ನಿವೇದಿಸುವೆನು.

ನಮ್ಮ ಊರು ಗುಂಡ್ಲುಪೇಟೆಯ ತಾಲ್ಲೂಕಿನಲ್ಲಿ, ತೆರಕಣಾಂಬಿಯ ಆಚೆಗೆ ಇರುವ ಒಂದು ಸಣ್ಣ ಗ್ರಾಮ. ರಾಗಿ, ಜೋಳ, ಹುರುಳಿ ಬೆಳೆಯುವ ಬೆದ್ದಲು ಭೂಮಿ. ಮಳೆ ಬಂದರೆ ಬದುಕು, ಬಾರದಿದ್ದರೆ ಶಿವನೇ ಗತಿ. ನಮ್ಮ ಮನೆಯ ದೇವರ ಗೂಡಿನಲ್ಲಿ ಕಾವಿಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ಇತ್ತು. ಪ್ರತಿ ಸೋಮವಾರವೂ ಅದಕ್ಕೆ ವಿಭೂತಿ ಧರಿಸಿ, ಒಂದು ಹೂವನ್ನೇರಿಸಿ, ಕೈಮುಗಿಯುವುದು ವಾಡಿಕೆ. ಅದನ್ನು ಯಾರೂ ಬಿಚ್ಚಕೂಡದೆಂಬುದು ನಮ್ಮ ಅಜ್ಜಿಯ ಕಟ್ಟಪ್ಪಣೆ. ಅದರೊಳಗೇನಿದೆಯೆಂದು ಕೇಳಿದರೆ, “ಹಿರೀಕರು ಕೈಯಾರೆ ಮಾಡಿಟ್ಟದ್ದು ಕಣಪ್ಪ” ಎಂಬ ಒಂದೇ ಉತ್ತರ ದೊರೆಯುತ್ತಿತ್ತು.

ಅದು ತಾಳೆಯೋಲೆಯ ಗ್ರಂಥ. ಒಟ್ಟು 112 ಗರಿಗಳು. ಒಂದೊಂದೂ ಹೆಚ್ಚು ಕಡಮೆ ಒಂದು ಮೊಳ ಉದ್ದ, ಎರಡು ಬೆರಳಗಲ. ಮೇಲೂ ಕೆಳಗೂ ಮರದ ಹಲಗೆಗಳು. ನಡುವೆ ದಾರ ಪೋಣಿಸಲು ತೂತು. ಇಂದಿನ ಮಕ್ಕಳು ಓಲೆಗ್ರಂಥವನ್ನು ಗಾಜಿನ ಪೆಟ್ಟಿಗೆಯಲ್ಲಿ ನೋಡಿರಬಹುದೇ ಹೊರತು ಅದನ್ನು ಮಾಡುವ ಶ್ರಮವನ್ನು ಅರಿಯರು. ತಾಳೆಯ ಎಳೆಯ ಗರಿಗಳನ್ನು ಕೊಯ್ದು, ನಡುವಿನ ಕಡ್ಡಿಯನ್ನು ಸೀಳಿ ತೆಗೆದು, ನೀರಿನಲ್ಲಿ ಬೇಯಿಸಿ, ನೆರಳಿನಲ್ಲಿ ಆರಿಸಿ, ನುಣುಪಾದ ಕಲ್ಲಿನಿಂದ ಉಜ್ಜಿ, ಒಂದೇ ಅಳತೆಗೆ ಅಂಚುಗಳನ್ನು ಕತ್ತರಿಸಬೇಕು. ತರುವಾಯ ಎಡಗೈಯಲ್ಲಿ ಗರಿಯನ್ನು ಹಿಡಿದು, ಬಲಗೈಯ ಕಬ್ಬಿಣದ ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕು. ಕೊರೆದ ಅಕ್ಷರ ಕಣ್ಣಿಗೆ ಕಾಣದು. ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಸವರಿ ಒರಸಿದಾಗಲೇ ಬರಹವು ಕಪ್ಪಾಗಿ ಮೂಡುವುದು. ಒತ್ತಿ ಬರೆದರೆ ಗರಿ ಸೀಳುವುದು, ಹಗುರವಾಗಿ ಬರೆದರೆ ಅಕ್ಷರ ನಿಲ್ಲದು. ಹಗಲು ಆರು ಹೂಡಿ ಬಂದ ಕೈ ರಾತ್ರಿ ಹಣತೆಯ ಬೆಳಕಿನಲ್ಲಿ ಇಂತಹ 112 ಗರಿಗಳನ್ನು ತುಂಬಿಸಿತೆಂದರೆ, ಅದರ ಹಿಂದೆ ಎಷ್ಟು ತಾಳ್ಮೆ ಇದ್ದಿರಬೇಕೆಂಬುದನ್ನು ತಾವೇ ಊಹಿಸಬಹುದು.

ನಮ್ಮ ಸೀಮೆಯು ಅಕ್ಷರಕ್ಕೆ ಹೊಸತಲ್ಲ. ಚಾಮರಾಜನಗರದ ಸಮೀಪದ ಹರದನಹಳ್ಳಿಯು ಗೋಸಲ ಚನ್ನಬಸವೇಶ್ವರರೂ, ಅವರ ಕರಕಮಲಸಂಜಾತರಾದ ತೋಂಟದ ಸಿದ್ಧಲಿಂಗ ಯತಿಗಳೂ ನೆಲಸಿದ್ದ ಪುಣ್ಯಭೂಮಿ. ಚಿಲಕವಾಡಿಯ ಬಳಿಯ ಶಂಭುಲಿಂಗನ ಬೆಟ್ಟವು ‘ವಿವೇಕಚಿಂತಾಮಣಿ’ಯನ್ನು ರಚಿಸಿದ ನಿಜಗುಣ ಶಿವಯೋಗಿಗಳ ತಪೋಭೂಮಿ. ಯಳಂದೂರು ‘ರಾಜಶೇಖರ ವಿಳಾಸ’ದ ಷಡಕ್ಷರದೇವನ ಹೆಸರಿನೊಡನೆ ಬೆರೆತಿರುವ ಊರು. ಅದೇ ಯಳಂದೂರಿನ ಸಂಚಿಯ ಹೊನ್ನಮ್ಮನು ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಕೆಯ ಸಂಚಿಯನ್ನು ಹಿಡಿಯುವ ಊಳಿಗದಲ್ಲಿದ್ದು, ಸಿಂಗರಾರ್ಯನೆಂಬ ಗುರುವಿನ ಪ್ರೋತ್ಸಾಹದಿಂದ ವಿದ್ಯೆಯನ್ನು ಪಡೆದು ‘ಹದಿಬದೆಯ ಧರ್ಮ’ವನ್ನು ಬರೆದಳು. ಇನ್ನು ಚಾಮರಾಜನಗರವೆಂಬ ಹೆಸರೇ ಒಬ್ಬ ಮಗನು ತಂದೆಗೆ ಸಲ್ಲಿಸಿದ ಸ್ಮರಣೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಜನಿಸಿದ ಅರಿಕುಠಾರವೆಂಬ ಊರಿಗೆ 1818ರಲ್ಲಿ ಆ ಹೆಸರನ್ನಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಅರಸರು ಹಿರಿಯರ ನೆನಪನ್ನು ಕಲ್ಲಿನಲ್ಲಿ ನಿಲ್ಲಿಸಿದರು. ಒಕ್ಕಲಿನವರು ತಮ್ಮ ಯೋಗ್ಯತೆಗೆ ತಕ್ಕಂತೆ ಓಲೆಯಲ್ಲಿ ನಿಲ್ಲಿಸಿದರು.

1961ನೆಯ ಇಸವಿಯ ನವರಾತ್ರಿಯ ಸಮಯದಲ್ಲಿ ನಮ್ಮ ಮನೆಯಲ್ಲಿ ಪಾಲುಪಾರೀಕತ್ತು ನಡೆಯಿತು. ನಮ್ಮ ದೊಡ್ಡಪ್ಪ, ನಮ್ಮ ತಂದೆ, ಚಿಕ್ಕಪ್ಪ ಹೀಗೆ ಮೂವರು. ಹೊಲ, ದನ, ಕಣಜ, ಪಾತ್ರೆ ಎಲ್ಲವೂ ಪಂಚಾಯಿತರ ಮುಂದೆ ಜಗಳವಿಲ್ಲದೆ ಹಂಚಿಕೆಯಾದವು. ಕಟ್ಟಕಡೆಗೆ ಉಳಿದದ್ದು ಈ ಓಲೆಯ ಕಟ್ಟು. ಚಿಕ್ಕಪ್ಪನು, “ಗರಿಗಳನ್ನು ಎಣಿಸಿ ಮೂರು ಪಾಲು ಮಾಡೋಣ, ಮೂರು ಮನೆಯಲ್ಲಿಯೂ ಪೂಜೆ ನಡೆಯಲಿ” ಎಂದನು. ದೊಡ್ಡಪ್ಪನು, “ಓದುವವರಿಲ್ಲದ ಗ್ರಂಥ ಮನೆಯಲ್ಲಿರುವುದು ಶ್ರೇಯಸ್ಸಲ್ಲ; ದೊಡ್ಡ ಜಾತ್ರೆಗೆ ನಂಜನಗೂಡಿಗೆ ಹೋದಾಗ ಕಪಿಲೆಯಲ್ಲಿ ಬಿಟ್ಟುಬಿಡೋಣ” ಎಂದನು. ಅವರಲ್ಲಿ ಯಾರಿಗೂ ಗ್ರಂಥದ ಮೇಲೆ ದ್ವೇಷವಿರಲಿಲ್ಲ. ಇಬ್ಬರ ಮಾತಿನಲ್ಲಿಯೂ ಭಕ್ತಿಯೇ ಇತ್ತು. ಆದರೆ ಎರಡು ಮಾತುಗಳ ಫಲವೂ ಒಂದೇ ಆಗುತ್ತಿತ್ತು. ಆಗ ನಾನು ಚಾಮರಾಜನಗರದಲ್ಲಿ ಹೈಸ್ಕೂಲಿನ ಹುಡುಗ. ಮಠದ ಪ್ರಸಾದನಿಲಯದಲ್ಲಿದ್ದುಕೊಂಡು ಓದುತ್ತಿದ್ದೆನು. ಎಲ್ಲಿಂದ ಧೈರ್ಯ ಬಂದಿತೋ ತಿಳಿಯದು: “ದೊಡ್ಡಪ್ಪಾ, ಜಾತ್ರೆಯವರೆಗೆ ನನಗೆ ಕೊಡಿ. ಅದರೊಳಗೆ ನಾನೇ ಓದಿ ಹೇಳುತ್ತೇನೆ” ಎಂದುಬಿಟ್ಟೆನು. ಎಲ್ಲರೂ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ಕಟ್ಟನ್ನು ತಂದು ನನ್ನ ಮಡಿಲಿನಲ್ಲಿಟ್ಟು, “ಫಾಲ್ಗುಣದವರೆಗೆ” ಎಂದಳು.

ಪ್ರಸಾದನಿಲಯಕ್ಕೆ ಮರಳಿ ಕಟ್ಟನ್ನು ಬಿಚ್ಚಿದಾಗ ನನ್ನ ಧೈರ್ಯವೆಲ್ಲ ಉಡುಗಿತು. ಅದು ಕನ್ನಡವೇ, ಆದರೆ ನಾನು ಕಲಿತ ಕನ್ನಡವಾಗಿ ಕಾಣಲಿಲ್ಲ. ಮಾತು ಮಾತಿನ ನಡುವೆ ತೆರಪಿಲ್ಲ, ವಾಕ್ಯ ಮುಗಿಯಿತೆಂಬುದಕ್ಕೆ ಗುರುತಿಲ್ಲ. ಮಠದಲ್ಲಿ ನಮಗೆ ಸಂಜೆಯ ಪಾಠ ಹೇಳುತ್ತಿದ್ದ ವೃದ್ಧರಾದ ಒಬ್ಬ ಅಯ್ಯನವರಿದ್ದರು. ತಮ್ಮ ಹೆಸರನ್ನು ಎಲ್ಲಿಯೂ ಹೇಳಕೂಡದೆಂದು ಅವರೇ ಅಪ್ಪಣೆ ಮಾಡಿದ್ದರಿಂದ ಇಂದಿಗೂ ನಾನು ಹೇಳಲಾರೆ. ಅವರ ಬಳಿಗೆ ಹೋಗಿ, “ಬುದ್ಧಿ, ಇದನ್ನು ಓದಿ ಹೇಳಬೇಕು” ಎಂದು ಬೇಡಿದೆನು. ಅವರು ಮೊದಲ ಗರಿಯನ್ನು ಬೆಳಕಿಗೆ ಹಿಡಿದು, ಕ್ಷಣಮಾತ್ರ ನೋಡಿ, ನನ್ನ ಕೈಗೇ ಕೊಟ್ಟರು. “ನಾನು ಓದಿದರೆ ಒಂದು ತಿಂಗಳಲ್ಲಿ ಮುಗಿಯುತ್ತದೆ, ಮಗು. ಆಮೇಲೆ ನಿನ್ನ ಮನೆಯಲ್ಲಿ ಮತ್ತೆ ಓದಲಾರದ ಗ್ರಂಥವೇ ಉಳಿಯುತ್ತದೆ. ನಾನು ಅಕ್ಷರ ತೋರಿಸುವೆನು, ಓದುವವನು ನೀನು” ಎಂದರು.

ಅಂದಿನಿಂದ ಪ್ರತಿದಿನ ಸಂಜೆಯ ಪೂಜೆಯಾದ ಮೇಲೆ ಒಂದು ಗಂಟೆಯ ಹೊತ್ತು ಪಾಠ. ಹಳೆಯ ಬರಹದಲ್ಲಿ ‘ಎ’ಕಾರ ‘ಏ’ಕಾರಗಳಿಗೂ, ‘ಒ’ಕಾರ ‘ಓ’ಕಾರಗಳಿಗೂ ಭೇದ ತೋರಿಸುತ್ತಿರಲಿಲ್ಲವೆಂಬುದನ್ನು ಅವರು ಮೊದಲು ತಿಳಿಸಿದರು. ‘ಕೊಡು’ ಎಂದು ಬರೆದದ್ದು ಕೊಡುವ ಮಾತೋ, ದನದ ಕೋಡೋ ಎಂಬುದನ್ನು ಹಿಂದು ಮುಂದಿನ ಮಾತು ನೋಡಿ ನಿಶ್ಚಯಿಸಬೇಕು. ‘ಬಸವಣ್ಣ’ ಎಂಬುದು ‘ಬಸವಂಣ’ ಎಂದೂ, ‘ಎನ್ನ’ ಎಂಬುದು ‘ಎಂನ’ ಎಂದೂ ಸೊನ್ನೆಯಿಟ್ಟು ಬರೆದಿತ್ತು. ಮೊದಲ ವಾರದಲ್ಲಿ ನಾನು ಓದಿದ್ದು ಒಂದೂವರೆ ಗರಿ. ತಪ್ಪಿದಾಗ ಅವರು ಸರಿಯಾದ ಮಾತನ್ನು ಎಂದೂ ಹೇಳಿಕೊಡಲಿಲ್ಲ. “ಇನ್ನೊಮ್ಮೆ ನೋಡು, ಬರೆದವನು ಅರ್ಥವಿಲ್ಲದೆ ಬರೆದಿರಲಾರ” ಎನ್ನುತ್ತಿದ್ದರು. ಈ ಒಂದು ಮಾತು ನನಗೆ ಜೀವಮಾನದುದ್ದಕ್ಕೂ ಊರುಗೋಲಾಯಿತು. ಮೂರು ವಾರಗಳಾಗುವ ವೇಳೆಗೆ ಅಕ್ಷರಗಳು ತಾವಾಗಿಯೇ ಕಣ್ಣಿಗೆ ಹತ್ತತೊಡಗಿದವು. ಒಂದು ಸಂಜೆ ಅಯ್ಯನವರು ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನು ತಂದುಕೊಟ್ಟು, ಓದಿದ್ದನ್ನೆಲ್ಲ ಅದರಲ್ಲಿ ಪ್ರತಿ ಮಾಡೆಂದರು.

ಕಟ್ಟಿನಲ್ಲಿದ್ದುದು ಬಹುಪಾಲು ತೋಂಟದ ಸಿದ್ಧಲಿಂಗ ಯತಿಗಳ ವಚನಗಳು. ಅದು ತಿಳಿದ ಭಾನುವಾರವೇ ಅಯ್ಯನವರು ನನ್ನನ್ನು ಹರದನಹಳ್ಳಿಗೆ ಕಾಲುನಡಿಗೆಯಲ್ಲಿ ಕರೆದುಕೊಂಡು ಹೋದರು. ಸಿದ್ಧಲಿಂಗರು ಅಲ್ಲಿ ಗೋಸಲ ಚನ್ನಬಸವೇಶ್ವರರ ಬಳಿ ಬೆಳೆದುದು, ಗುರುವಿನಿಂದ ಪರಂಪರೆಯ ಅಧಿಕಾರವನ್ನು ಪಡೆದುದು, ವಿರಕ್ತರ ಸಮೂಹದೊಡನೆ ದೇಶಸಂಚಾರ ಮಾಡಿದುದು, ಕಗ್ಗೆರೆಯ ತೋಟದಲ್ಲಿ ತಪಸ್ಸನ್ನಾಚರಿಸಿ ತೋಂಟದಾರ್ಯರೆನಿಸಿದುದು, ಕೊನೆಗೆ ಎಡೆಯೂರಿನಲ್ಲಿ ಸಮಾಧಿಸ್ಥರಾದುದು, ಇದನ್ನೆಲ್ಲ ದಾರಿಯುದ್ದಕ್ಕೂ ವಿವರಿಸಿದರು. ಅವರ ಶಿಷ್ಯಸಂಪ್ರದಾಯದಲ್ಲಿಯೇ ವಚನಗಳನ್ನು ಸಂಗ್ರಹಿಸಿ, ಜೋಡಿಸಿ, ಪ್ರತಿಮಾಡುವ ಕಾರ್ಯವು ದೊಡ್ಡದಾಗಿ ನಡೆಯಿತೆಂದೂ, ಗುಮ್ಮಳಾಪುರದ ಸಿದ್ಧಲಿಂಗ ಯತಿಗಳ ಮತ್ತು ಗೂಳೂರು ಸಿದ್ಧವೀರಣ್ಣೊಡೆಯರ ‘ಶೂನ್ಯಸಂಪಾದನೆ’ಗಳು ಆ ಸಂಪ್ರದಾಯದ ಫಲಗಳೆಂದೂ ತಿಳಿಸಿದರು. ಮರಳುವಾಗ ಹೊಲದ ಬದುವಿನಲ್ಲಿ ಕುಳಿತು, “ಚನ್ನಬಸವೇಶ್ವರರು ಶಿಷ್ಯನನ್ನು ತಮ್ಮ ನೆರಳಿನಲ್ಲಿಯೇ ಇಟ್ಟುಕೊಂಡಿದ್ದರೆ ಎಡೆಯೂರು ಎಲ್ಲಿತ್ತು? ಗುರುವಾದವನು ಕೈಗೆ ಕೊಟ್ಟು ಕೈ ಬಿಡಬೇಕು” ಎಂದರು. ಆಗ ನನಗೆ ಅದು ಪೂರ್ಣವಾಗಿ ಅರ್ಥವಾಗಲಿಲ್ಲ.

ಇನ್ನು ನನ್ನ ತಪ್ಪಿನ ವಿಷಯ. ಪುಷ್ಯಮಾಸದ ರಜೆಯಲ್ಲಿ ಕಟ್ಟನ್ನು ಊರಿಗೆ ತೆಗೆದುಕೊಂಡು ಹೋಗಿದ್ದೆನು. ಕೊನೆಯ ಕೆಲವು ಗರಿಗಳಲ್ಲಿ ಬರಹ ಮಸುಕಾಗಿತ್ತು. ಗರಿಗೆ ಎಣ್ಣೆ ಸವರಿದರೆ ಅಕ್ಷರ ಮೂಡುವುದೆಂದು ಅರ್ಧ ಕೇಳಿ ಅರ್ಧ ಊಹಿಸಿ, ಯಾರನ್ನೂ ಕೇಳದೆ, ಮನೆಯಲ್ಲಿದ್ದ ಹರಳೆಣ್ಣೆಯನ್ನು ಧಾರಾಳವಾಗಿ ಹಚ್ಚಿ, ಆರಲೆಂದು ಅಟ್ಟದ ಮೇಲೆ ಹರವಿ ಮಲಗಿದೆನು. ಬೆಳಗ್ಗೆ ನೋಡಿದರೆ ಏಳು ಗರಿಗಳನ್ನು ಇಲಿಗಳು ತಿಂದು ಹಾಕಿದ್ದವು. ಅನೇಕ ತಲೆಮಾರುಗಳು ಹೊಗೆಯಲ್ಲಿಟ್ಟು ಕಾಪಾಡಿದ್ದನ್ನು ನಾನು ಒಂದು ರಾತ್ರಿಯಲ್ಲಿ ಕಳೆದೆನು. ಮನೆಯಲ್ಲಿ ಯಾರಿಗೂ ಹೇಳದೆ, ಅಳುತ್ತ ಅಯ್ಯನವರ ಮುಂದೆ ಹೋಗಿ ನಿಂತೆನು.

ಅವರು ಗದರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ತಿಂದುಳಿದ ಚೂರುಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿಸಿ, “ಪ್ರತಿಯಲ್ಲಿ ಏಳು ಹಾಳೆ ಬರಿದು ಬಿಡು. ಪ್ರತಿಯೊಂದರ ಮೇಲೂ ‘ಈ ಗರಿ ನನ್ನ ಅಜಾಗರೂಕತೆಯಿಂದ ನಷ್ಟವಾಯಿತು’ ಎಂದು ಬರೆ” ಎಂದರು. “ಬುದ್ಧಿ, ಅಚ್ಚಾದ ಪುಸ್ತಕ ನೋಡಿ ತುಂಬಿಸಿದರೆ ಆಗದೆ?” ಎಂದು ಕೇಳಿದೆನು. “ಅಚ್ಚಿನಲ್ಲಿರುವುದು ಅಚ್ಚಿನ ಪಾಠ, ನಿಮ್ಮ ಹಿರಿಯರು ಬರೆದದ್ದಲ್ಲ. ಹೋದದ್ದು ಹೋಯಿತೆಂದು ಬರೆಯುವವನ ಕೈಯಲ್ಲಿಯೇ ಉಳಿದದ್ದು ನಂಬಿಕೆಗೆ ಅರ್ಹವಾಗುವುದು” ಎಂದರು. ಆ ಮಾತುಗಳನ್ನು ಏಳು ಸಲ ಬರೆಯುವಾಗ ನನ್ನ ಕೈ ನಡುಗಿತು. ಆದರೆ ಮರುದಿನ ಸಂಜೆ ಎಂದಿನಂತೆ ಎಂಟನೆಯ ಗರಿಯನ್ನು ನನ್ನ ಕೈಯಲ್ಲಿಟ್ಟು, “ಓದು” ಎಂದರು. ಪ್ರೋತ್ಸಾಹವೆಂದರೆ ಹೊಗಳಿಕೆಯೆಂದು ನಾವು ತಿಳಿದಿರುವೆವು. ತಪ್ಪಿದವನಿಗೆ ಮರುದಿನವೂ ಅದೇ ಕೆಲಸವನ್ನು ಕೊಡುವುದಕ್ಕಿಂತ ಹೆಚ್ಚಿನ ಪ್ರೋತ್ಸಾಹವನ್ನು ನಾನು ಕಾಣೆ.

1962ರ ಫಾಲ್ಗುಣ ಬಂದಿತು. ಜಾತ್ರೆಗೆ ಬಂಡಿ ಕಟ್ಟುವ ಹಿಂದಿನ ರಾತ್ರಿ ಮೂರು ಮನೆಯವರೂ ನಡುಮನೆಯಲ್ಲಿ ಸೇರಿದರು. ಮೊದಲು ಏಳು ಗರಿಗಳ ವಿಷಯವನ್ನು ಒಪ್ಪಿಕೊಂಡೆನು. ದೊಡ್ಡಪ್ಪನ ಮುಖ ಕಪ್ಪಿಟ್ಟಿತು. ಅಜ್ಜಿ, “ಓದಲಿ, ಆಮೇಲೆ ಮಾತು” ಎಂದಳು. ನಾನು ಕೆಲವು ವಚನಗಳನ್ನು ಓದಿದೆನು. ಅನಂತರ ಕೊನೆಯ ಗರಿಗಳಿಗೆ ಬಂದೆನು. ಅಲ್ಲಿ ಮನೆಯ ಲೆಕ್ಕವಿತ್ತು: ಕೊಟ್ಟ ರಾಗಿ, ಪಡೆದ ಸಾಲ, ದನಕ್ಕೆ ಹೊಟ್ಟೆ ಉಬ್ಬರಿಸಿದರೆ ಮಾಡುವ ಔಷಧ, ಹುಟ್ಟಿದ ಮಕ್ಕಳ ದಿನ. ಕಟ್ಟಕಡೆಯಲ್ಲಿ ಬರೆದವರ ಹೆಸರು. ಅದು ನಮ್ಮ ತಾತನ ತಾತನ ಹೆಸರು. ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ ತಮ್ಮ ಮಗಳ ವಿಷಯವನ್ನು ಅವರು ಎತ್ತಿದ್ದರು. ಅಷ್ಟರಲ್ಲಿ ಆ ಗರಿ ಮುಗಿಯುವುದು. ಮುಂದಿನ ಗರಿ ಇಲಿಗೆ ಆಹುತಿಯಾದ ಏಳರಲ್ಲಿ ಒಂದು. ಅದರ ಆಚೆಯ ಗರಿಯಲ್ಲಿ, ಅವಳು ತಾನೇ ಓದಿಕೊಂಡು ಮನಸ್ಸನ್ನು ಲಿಂಗದಲ್ಲಿ ನಿಲ್ಲಿಸಲೆಂದು ಇದನ್ನು ಬರೆದುಕೊಟ್ಟುದಾಗಿಯೂ, ಪ್ಲವ ಸಂವತ್ಸರದಲ್ಲಿ ಮುಗಿಸಿದುದಾಗಿಯೂ ಇತ್ತು.

ನಡುಮನೆ ನಿಶ್ಶಬ್ದವಾಯಿತು. ನಾವೆಲ್ಲರೂ ಗಂಡಸರ ಪೂಜೆಯ ವಸ್ತುವೆಂದು ತಿಳಿದಿದ್ದ ಆ ಗ್ರಂಥವು ಒಬ್ಬ ಹೆಣ್ಣುಮಗಳ ಓದಿಗಾಗಿ ಹುಟ್ಟಿದ್ದು! ನಮ್ಮ ತಂಗಿಗೆ ಆಗ ಹನ್ನೊಂದು ವರ್ಷ. ನಾಲ್ಕನೆಯ ತರಗತಿಯಾದ ಮೇಲೆ ಅವಳನ್ನು ಶಾಲೆಯಿಂದ ಬಿಡಿಸಿ ದನ ಕಾಯಲು ಹಾಕಿದ್ದರು. ಅವಳು ಬಾಗಿಲ ಸಂದಿಯಲ್ಲಿ ನಿಂತು ಕೇಳುತ್ತಿದ್ದಳು. ನಮ್ಮ ತಂದೆ ಬಹಳ ಹೊತ್ತು ತಲೆಬಗ್ಗಿಸಿ ಕುಳಿತಿದ್ದರು. ಕಡೆಗೆ, “ಅವತ್ತೇ ಹಿರೀಕರು ಮಗಳಿಗೆ ಓದಿಸಿದ್ದಾರೆ. ನಾವು ಇವತ್ತು ಬಿಡಿಸಿದ್ದೇವೆ” ಎಂದರು. ಜಾತ್ರೆಗೆ ಬಂಡಿ ಹೋಯಿತು, ಕಟ್ಟು ಮನೆಯಲ್ಲಿಯೇ ಉಳಿಯಿತು. ಬೇಸಗೆ ಕಳೆದು ಶಾಲೆ ತೆರೆದಾಗ ತಂಗಿ ಮತ್ತೆ ಶಾಲೆಗೆ ಹೋದಳು. ಮುಂದೆ ಅವಳೇ ನನ್ನಿಂದ ಓಲೆಯ ಅಕ್ಷರವನ್ನು ಕಲಿತು, ನನ್ನ ಪ್ರತಿಯಲ್ಲಿ ಹನ್ನೊಂದು ತಪ್ಪುಗಳನ್ನು ಹಿಡಿದು ತಿದ್ದಿದಳು.

ಸಂವತ್ಸರದ ವಿಷಯದಲ್ಲಿಯೂ ಅಯ್ಯನವರು ಒಂದು ಪಾಠ ಹೇಳಿದರು. ಗ್ರಂಥದಲ್ಲಿ ಶಕವರ್ಷವಿರಲಿಲ್ಲ, ಪ್ಲವವೆಂಬ ಹೆಸರು ಮಾತ್ರ. ಅದು ಅರುವತ್ತು ವರ್ಷಗಳಿಗೊಮ್ಮೆ ಬರುವುದು. ನಾವು ಓದಿದ 1961–62ನೆಯ ವರ್ಷವೂ ಪ್ಲವವೇ ಆಗಿತ್ತು! ಹಾಗಾದರೆ ಬರೆದುದು 1901ರಲ್ಲೋ, 1841ರಲ್ಲೋ, 1781ರಲ್ಲೋ? ತಲೆಮಾರುಗಳನ್ನು ಎಣಿಸಿದರೆ 1841 ಹೊಂದುವುದು. “ಇರಬಹುದು ಎಂದು ಬರೆ, ಇದೇ ಎಂದು ಬರೆಯಬೇಡ” ಎಂದರು. ಹಾಗೆಯೇ ಬರೆದಿರುವೆನು.

ಶರಣ ಬಂಧುಗಳೇ, ಇದು ನಮ್ಮೊಂದು ಮನೆಯ ಕಥೆಯಲ್ಲ. ವಿಜಾಪುರದಲ್ಲಿ ವಕೀಲರಾಗಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಕಳೆದ ಶತಮಾನದ ಆರಂಭದಲ್ಲಿ ರಬಕವಿ ಬನಹಟ್ಟಿ ಕಡೆಯ ಭಕ್ತರ ಮನೆಗಳಲ್ಲಿ ಕಂಡದ್ದೂ ಇಂತಹ ಕಟ್ಟುಗಳನ್ನೇ. ಅವರು ಅವುಗಳನ್ನು ಓದಿ, ಪ್ರತಿಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನಾರಂಭಿಸಿದರು, ಆ ಕಾರ್ಯಕ್ಕಾಗಿ ಸ್ವಂತ ಮನೆಯನ್ನೂ ಮಾರಿದರು. ಇಂದು ನಾವು ನಾಲಗೆಯ ಮೇಲೆ ಆಡಿಸುವ ವಚನಗಳು ಹೀಗೆ ಒಂದೊಂದು ಮನೆಯ ದೇವರ ಗೂಡಿನಿಂದ ಎದ್ದು ಬಂದವು. ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಗೆ ಬಂದ ಒಂದು ಓಲೆಯ ಪ್ರತಿಯಿಂದಲೇ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಕೇಂದ್ರ ಸರ್ಕಾರವು 2003ರಲ್ಲಿ ಹಸ್ತಪ್ರತಿಗಳಿಗಾಗಿಯೇ ಒಂದು ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿತು. ಆದರೂ ಎಷ್ಟೋ ಕಟ್ಟುಗಳು ಇಂದಿಗೂ ಅಟ್ಟದ ಮೇಲಿವೆ. ಕೆಲವು ಹೊಳೆಯ ಪಾಲಾಗಿವೆ, ಕೆಲವು ಪಾಲಿನಲ್ಲಿ ಹಂಚಿಹೋಗಿವೆ.

ಆದಕಾರಣ ಈ ಸಭೆಯಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ತಮ್ಮ ಮನೆಯಲ್ಲಿ ಅಂತಹ ಕಟ್ಟು ಇದ್ದರೆ ಪೂಜೆಯನ್ನು ಬಿಡಬೇಡಿ. ಆದರೆ ಅದನ್ನು ಬಿಚ್ಚಿ ಓದಿಸಿ. ಗರಿಗಳನ್ನು ಹಂಚಿಕೊಳ್ಳಬೇಡಿ, ಒಬ್ಬರಲ್ಲಿ ಗ್ರಂಥವಿರಲಿ, ಉಳಿದವರಲ್ಲಿ ಛಾಯಾಚಿತ್ರದ ಪ್ರತಿಗಳಿರಲಿ. ಅಡಿಗೆಯ ಎಣ್ಣೆಯನ್ನಾಗಲಿ ಹರಳೆಣ್ಣೆಯನ್ನಾಗಲಿ ಮುಟ್ಟಿಸಬೇಡಿ. ಬಲ್ಲವರು ನಿಂಬೆಹುಲ್ಲಿನ ಎಣ್ಣೆಯನ್ನು ಹದವರಿತು ಬಳಸುವರು. ಆ ಕೆಲಸವನ್ನು ಅವರಿಗೇ ಬಿಡಿ. ಶ್ರೀಮಠದ ಹಿರಿಯರಲ್ಲಿಯೂ ಒಂದು ಬಿನ್ನಹವುಂಟು: ಪ್ರಸಾದನಿಲಯದ ಮಕ್ಕಳಲ್ಲಿ ವರ್ಷಕ್ಕೆ ನಾಲ್ವರಿಗಾದರೂ ಓಲೆಯ ಅಕ್ಷರವನ್ನು ಕಲಿಸುವ ಏರ್ಪಾಡಾದರೆ ಈ ಮಹೋತ್ಸವದ ನೆನಪು ಚಪ್ಪರದೊಡನೆ ಇಳಿದುಹೋಗದು.

ನಮ್ಮ ಧರ್ಮದಲ್ಲಿ ಅಷ್ಟಾವರಣಗಳ ಮೊದಲನೆಯದು ಗುರು. ದೀಕ್ಷೆಯಲ್ಲಿ ಗುರುವು ಶಿಷ್ಯನ ಮಸ್ತಕದ ಮೇಲೆ ಹಸ್ತವನ್ನಿಟ್ಟು, ಇಷ್ಟಲಿಂಗವನ್ನು ಅವನ ಕರಸ್ಥಲಕ್ಕೆ ದಯಪಾಲಿಸುವನು. ಲಿಂಗವನ್ನು ಗುರು ತನ್ನ ಕೈಯಲ್ಲಿಯೇ ಇಟ್ಟುಕೊಂಡು ಶಿಷ್ಯನಿಗಾಗಿ ತಾನು ಪೂಜಿಸುವುದಿಲ್ಲ. ಹರದನಹಳ್ಳಿಯ ದಾರಿಯಲ್ಲಿ ಅಯ್ಯನವರು ಹೇಳಿದ ಮಾತಿನ ಅರ್ಥ ಇದೆಂದು ನನಗೆ ತಲೆ ನರೆತ ಮೇಲೆ ತಿಳಿಯಿತು.

1997ರಲ್ಲಿ ಚಾಮರಾಜನಗರವು ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು. ಊರುಗಳು ಬದಲಾದವು, ನಮ್ಮ ಹಳೆಯ ಮನೆಯೂ ಬಿದ್ದು ಹೊಸತಾಯಿತು. ಕಟ್ಟು ಮಾತ್ರ ಉಳಿದಿದೆ. 2021ರ ಯುಗಾದಿಗೆ ಪ್ಲವ ಸಂವತ್ಸರ ಮರಳಿ ಬಂದಿತು. ಆ ದಿನ ನನ್ನ ಮೊಮ್ಮಗಳನ್ನು ಕೂರಿಸಿಕೊಂಡು ಮೊದಲ ಗರಿಯನ್ನು ಅವಳ ಕೈಯಲ್ಲಿಟ್ಟೆನು. ಕೆಲವು ತಿಂಗಳುಗಳಲ್ಲಿ ಅವಳು ಕೊನೆಯ ಗರಿಗಳಿಗೆ ಬಂದು, “ತಾತಾ, ಆ ಮಗಳ ಹೆಸರೇನು?” ಎಂದು ಕೇಳಿದಳು. ಹೆಸರಿದ್ದರೆ ಅದು ಇಲಿ ತಿಂದ ಗರಿಯಲ್ಲಿಯೇ ಇದ್ದಿರಬೇಕು. ಏಳರಲ್ಲಿ ಆರು ಗರಿಗಳ ವಚನಗಳು ಯಾವುವೆಂಬುದನ್ನು ಹಿಂದು ಮುಂದಿನ ಕ್ರಮದಿಂದ ಅಚ್ಚಿನ ಪುಸ್ತಕದಲ್ಲಿ ಗುರುತಿಸಬಹುದಾಯಿತು. ಆ ಒಂದು ಗರಿಗೆ ಮಾತ್ರ ಲೋಕದಲ್ಲಿ ಬೇರೆ ಪ್ರತಿಯಿಲ್ಲ. ನಾನು ಅವಳಿಗೆ ಪ್ರತಿಯಲ್ಲಿನ ಬರಿದು ಹಾಳೆಯನ್ನು ತೋರಿಸಿ, ಅದರ ಮೇಲೆ ಹದಿನೈದು ವರ್ಷದ ಹುಡುಗನೊಬ್ಬನು ಬರೆದ ಸಾಲನ್ನು ಓದಿಸಿದೆನು. ಅವಳು ಓದಿ, ಏನೂ ಹೇಳದೆ, ಮುಂದಿನ ಗರಿಯನ್ನು ಕೈಗೆತ್ತಿಕೊಂಡಳು.